ಹದಿನಾಲ್ಕು ಮಾಸ್ತಮ್ಮಂದಿರು

ಕ್ಷಮೆ ಕೇಳುವುದಕ್ಕೆ ಹೋಗುವಾಗ ಯಾವ ಸೀರೆ ಉಡಬೇಕು ಎಂಬುದು ರೇಖಾಳಿಗೆ ಬೆಳಿಗ್ಗೆಯಿಂದ ಹತ್ತಿದ ಚಿಂತೆ. ಹೊಸದು ಉಟ್ಟರೆ ಇವಳಿಗೆ ಪಶ್ಚಾತ್ತಾಪವೇ ಇಲ್ಲ ಅನ್ನುತ್ತಾರೆ, ಹಳೆಯದು ಉಟ್ಟರೆ ಕರುಣೆ ಗಿಟ್ಟಿಸಲು ಬಂದಿದ್ದಾಳೆ ಅನ್ನುತ್ತಾರೆ. ಎರಡೂ ಬೇಡವೆಂದು ಚೂಡಿದಾರ ಹಾಕಿಕೊಂಡು ಹೊನ್ನಾವರದಲ್ಲಿ ಭಟ್ಕಳದ ಬಸ್ಸು ಹತ್ತಿ ಕುಳಿತ ಮೇಲೆ, ಅರವತ್ತೇಳು ವರ್ಷದ ಹೆಂಗಸಿನ ಮಾನ ಕಳೆದು ಈಗ ಕಾಲೇಜು ಹುಡುಗಿಯ ಹಾಗೆ ವೇಲು ಹಾರಿಸಿಕೊಂಡು ಹೊರಟಿದ್ದೇನಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಬಸ್ಸು ಶರಾವತಿ ಸೇತುವೆ ದಾಟುವಾಗ ಪಕ್ಕದ ಸೀಟಿನ ಹೆಂಗಸು, ಮಡಿಲಲ್ಲಿದ್ದ ತೊಂಡೆಕಾಯಿ ಚೀಲವನ್ನು ಸರಿಮಾಡಿಕೊಂಡು, "ಎಲ್ಲಿಗೆ ಹೊರಟದ್ದು?" ಎಂದಳು. ಮಂಕಿಗೆ. "ಯಾರ ಮನೆಗೆ?" ಈ ಕರಾವಳಿಯಲ್ಲಿ ಇದು ಕುತೂಹಲವಲ್ಲ, ಉಸಿರಾಟ. ಯಾರ ಮನೆ ಎಂದು ಗೊತ್ತಾಗದೆ ಇಲ್ಲಿ ಒಬ್ಬರು ಇನ್ನೊಬ್ಬರ ಪಕ್ಕ ನೆಮ್ಮದಿಯಾಗಿ ಕೂರಲಾರರು. ರೇಖಾ ಬೇರೆ ದಿನವಾಗಿದ್ದರೆ ಹೇಳಿ, ಆಕೆಯ ಮನೆಯನ್ನೂ ಕೇಳಿ, ಕಾಸರಕೋಡು ಬರುವುದರೊಳಗೆ ಇಬ್ಬರಿಗೂ ಯಾವುದೋ ಮದುವೆಯ ಕಡೆಯಿಂದ ಸಂಬಂಧ ಹಚ್ಚಿಬಿಡುತ್ತಿದ್ದಳು. ಇವತ್ತು "ತವರಿಗೆ" ಎಂದು ಸುಳ್ಳು ಹೇಳಿ ಕಿಟಕಿಯ ಕಡೆ ತಿರುಗಿದಳು. ತವರು ಮಂಕಿಯೇ ಆದ್ದರಿಂದ ಅದು ಪೂರ್ತಿ ಸುಳ್ಳೂ ಆಗಲಿಲ್ಲ.

ಗುಟ್ಟು ಇಟ್ಟುಕೊಳ್ಳುವುದೇ ತನ್ನ ಕಸುಬು ಎಂದು ಮೊನ್ನೆಯವರೆಗೆ ರೇಖಾ ನಂಬಿದ್ದಳು. ಹೊಲಿಗೆ ಅದರ ನಂತರದ್ದು. ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ ತಡೆಯಲಾಗದೆ ಒಳಬಟ್ಟೆ ಒದ್ದೆಯಾಗುವ ಹೆಂಗಸರಿಗೆ ಅವಳು ನಾಲ್ಕು ಪದರದ ಹತ್ತಿ ಬಟ್ಟೆ ಇಟ್ಟು ಚಡ್ಡಿ ಹೊಲಿಯುತ್ತಾಳೆ. ಹೊರಗಿನಿಂದ ನೋಡಿದರೆ ಮಾಮೂಲಿ ಚಡ್ಡಿ. 'ಆಪ್ತ' ಎಂಬ ಹೆಸರಿನಲ್ಲಿ ಇಂಟರ್ನೆಟ್ಟಿನಲ್ಲಿ ಅಂಗಡಿ ತೆರೆದು ಮೂರು ವರ್ಷವಾಯಿತು, ಗಿರಾಕಿಗಳು ಮುನ್ನೂರ ಹನ್ನೆರಡು. ಒಬ್ಬರಾದರೂ ಇನ್ನೊಬ್ಬರಿಂದ ಕೇಳಿ ಬಂದವರಲ್ಲ. ಎಲ್ಲರೂ ಮೊಬೈಲಿನಲ್ಲಿ ಒಬ್ಬೊಬ್ಬರೇ ಹುಡುಕಿ, ಸೆರಗಿನ ಮರೆಯಲ್ಲಿ ಆರ್ಡರ್ ಮಾಡಿದವರು. ಭಟ್ಕಳದ ಒಬ್ಬಾಕೆ ಗಂಡನ ಹೆಸರಿನಲ್ಲಿ ತರಿಸುತ್ತಾಳೆ. ಕುಮಟೆಯ ಇನ್ನೊಬ್ಬಾಕೆಗೆ ಕಟ್ಟಿನ ಮೇಲೆ 'ಹಪ್ಪಳ' ಎಂದು ಬರೆಯಬೇಕು. ಬಾಡ ಎಂಬ ಊರಿನ ಪ್ರಿಯಾ ಎಂಬವರಿಗೆ ಒಮ್ಮೆ 'ಕೊಬ್ಬರಿ ಎಣ್ಣೆ' ಎಂದು ಬರೆದು ಕಳಿಸಿದ್ದಕ್ಕೆ, "ನಮ್ಮನೆಲೇ ಗಾಣ ಅದೆ, ಎಣ್ಣೆ ಹೊರಗಿಂದ ಎಂತಕ್ಕೆ ತರಿಸಿದ್ದೆ ಅಂತ ಮಾವ ಕೇಳಿದ್ರು" ಎಂದು ಫೋನಿನಲ್ಲಿ ಪಿಸುಗುಟ್ಟಿ ಜಗಳವಾಡಿದ್ದರು. ಅಲ್ಲಿಂದ ಯಾರ ಮನೆಯಲ್ಲಿ ಏನು ಬೆಳೆಯುತ್ತದೆ, ಏನು ಮಾಡುತ್ತಾರೆ ಎಂದು ಕೇಳಿಕೊಂಡೇ ರೇಖಾ ಕಟ್ಟಿನ ಮೇಲೆ ಸುಳ್ಳು ಬರೆಯುತ್ತಿದ್ದಳು. ಸುಳ್ಳಿಗೂ ಅಳತೆ ತೆಗೆದುಕೊಳ್ಳಬೇಕು ಎಂಬುದು ಅವಳಿಗೆ ಹೊಲಿಗೆಯಿಂದಲೇ ಹೊಳೆದಿರಬೇಕು.

ವೆಬ್‌ಸೈಟು ಮಾಡಿಕೊಟ್ಟವಳು ಭಟ್ಕಳದ ವಿಭಾ, ಇನ್ನೂ ಇಪ್ಪತ್ತನಾಲ್ಕರ ಹುಡುಗಿ, ಮಾತಿಗಿಂತ ಬೆರಳು ಚುರುಕು. "ರೇಖಕ್ಕಾ, ನೀವು ಮಾರೂದು ಬಟ್ಟೆ ಅಲ್ಲ, ನಂಬಿಕೆ" ಎಂದು ಆಕೆ ಮೊದಲ ದಿನ ಹೇಳಿದ್ದನ್ನು ರೇಖಾ ಗಂಡ ಭಾಸ್ಕರನ ಮುಂದೆ ತನ್ನದೇ ಮಾತೆಂಬಂತೆ ಮೂರು ಸಲ ಹೇಳಿದ್ದಳು. ಗೋಪ್ಯತೆಯ ನೀತಿ ಎಂದು ವಿಭಾ ಎಲ್ಲಿಂದಲೋ ತಂದು ಹಾಕಿದ ಹನ್ನೊಂದು ಪ್ಯಾರಾ ಇಂಗ್ಲಿಷನ್ನು ರೇಖಾ ಇವತ್ತಿಗೂ ಓದಿಲ್ಲ. ಅದರ ಕೆಳಗೆ ಕನ್ನಡದ ಒಂದು ಸಾಲು ಮಾತ್ರ ಅವಳದು: 'ನಿಮ್ಮ ವಿಷಯ ನಮ್ಮ ಮನೆಯ ಹೊಸಿಲು ದಾಟುವುದಿಲ್ಲ.' ಆ ಸಾಲಿಗಾಗಿ ಅವಳು ಏನೇನು ಮಾಡಲಿಲ್ಲ! ಗಿರಾಕಿಗಳ ಪಟ್ಟಿಗೆ ಬೀಗ, ಫೋನಿಗೆ ಬೀಗ, ಫೋನಿನೊಳಗಿನ ಬೀಗಕ್ಕೆ ಇನ್ನೊಂದು ಬೀಗ. ಸೋಮವಾರಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಿ, ಮಂಗಳವಾರ ಮರೆತು, ಬುಧವಾರ ವಿಭಾಳಿಗೆ ಫೋನು ಮಾಡುತ್ತಿದ್ದಳು. ಕಳ್ಳರು ರಷ್ಯಾದಿಂದ, ಚೀನಾದಿಂದ ಬರುತ್ತಾರೆ ಎಂದು ವಿಭಾ ಹೇಳಿದ್ದಳು. ಅವರು ಹೊನ್ನಾವರದ ದರ್ಜಿಯ ಮನೆಯಲ್ಲೇ ಚಹಾ ಕುಡಿದುಕೊಂಡು ಕೂತಿರಬಹುದು ಎಂದು ಆ ಹುಡುಗಿಗೂ ಹೊಳೆದಿರಲಿಲ್ಲ.

ಆ ದಿನ ಶುಕ್ರವಾರ. ಹೊಲಿಗೆ ಯಂತ್ರದ ಬೆಲ್ಟು ಜಾರುತ್ತಿತ್ತು, ಒಲೆಯ ಮೇಲೆ ಬಂಗಡೆ ಸಾರು ಕುದಿಯುತ್ತಿತ್ತು. ಪಾರ್ಸೆಲ್ ಹಂಚುವ ಬೀರ ಮಂಕಿಯಿಂದ ಫೋನು ಮಾಡಿದ. "ಮಾಸ್ತಮ್ಮ, ಮಂಕಿ ಅಂತ ಬರ್ದಿರಲ್ಲ, ಯಾವ ಮಾಸ್ತಮ್ಮ ಮಾರಾಯ್ರೇ? ಇಲ್ಲಿ ಕೇಳ್ದೆ, ಹದಿನಾಲ್ಕು ಮಾಸ್ತಮ್ಮಂದಿರಿದ್ದಾರಂತೆ." ಕೊಟ್ಟ ನಂಬರಿಗೆ ಕರೆ ಮಾಡಿದರೆ ಎತ್ತುತ್ತಿಲ್ಲವಂತೆ. ಬಿಸಿಲಿನಲ್ಲಿ ಸ್ಕೂಟರು ನಿಲ್ಲಿಸಿಕೊಂಡಿದ್ದ ಬೀರನ ಮೇಲಿನ ಕನಿಕರದಿಂದ, ಸಾರು ಉಕ್ಕುವುದರೊಳಗೆ ಮುಗಿಸಿಬಿಡೋಣ ಎಂಬ ಅವಸರದಿಂದ, ಅದಕ್ಕಿಂತ ಹೆಚ್ಚಾಗಿ ಒಂದು ಮನೆ ಸಿಗದಿದ್ದರೆ ನಾಲ್ಕು ಜನರನ್ನು ಕೇಳುವುದೇ ಮರ್ಯಾದೆ ಎಂದು ಹುಟ್ಟಿದಾಗಿನಿಂದ ಕಲಿತದ್ದರಿಂದ, ರೇಖಾ ಆರ್ಡರಿನ ಪುಟದ ಚಿತ್ರ ತೆಗೆದು 'ಮಂಕಿ ಬಂಧುಗಳು' ಎಂಬ ತನ್ನ ತವರಿನ ವಾಟ್ಸಾಪ್ ಗುಂಪಿಗೆ ಹಾಕಿದಳು. 'ಈ ಮಾಸ್ತಮ್ಮ ಯಾರು ಅಂತ ಯಾರಿಗಾದ್ರೂ ಗೊತ್ತಾ? ಪಾರ್ಸೆಲ್ ಬಂದಿದೆ.' ಆ ಚಿತ್ರದಲ್ಲಿ ಹೆಸರಿತ್ತು. ವಯಸ್ಸು ಅರವತ್ತೇಳು ಎಂದಿತ್ತು. ಸೊಂಟ ನಲವತ್ತೆರಡು, ಆರು ಚಡ್ಡಿ, ಹಗಲು ರಾತ್ರಿ ಎರಡಕ್ಕೂ, ಸೋರಿಕೆ 'ಸಾಧಾರಣಕ್ಕಿಂತ ಹೆಚ್ಚು' ಎಂದೂ ಇತ್ತು. ರೇಖಾ ಫೋನು ಬದಿಗಿಟ್ಟು ಸಾರಿಗೆ ಉಪ್ಪು ನೋಡಲು ಹೋದಳು. ಉಪ್ಪು ಸರಿಯಾಗಿತ್ತು.

ಇಪ್ಪತ್ತು ನಿಮಿಷದ ಮೇಲೆ ಬಂದು ನೋಡಿದರೆ ಗುಂಪಿನಲ್ಲಿ ತೊಂಬತ್ತಾರು ಸಂದೇಶ. ಯಾರೂ ನಗಲಿಲ್ಲ, ಯಾರೂ ಕೆಟ್ಟದ್ದು ಆಡಲಿಲ್ಲ. ಅದೇ ಘೋರ. ಎಲ್ಲರೂ ಮನಃಪೂರ್ವಕ ಸಹಾಯಕ್ಕೆ ನಿಂತಿದ್ದರು. 'ಅಕ್ಕಿ ಮಿಲ್ಲಿನ ಮಾಸ್ತಮ್ಮ ಅಲ್ಲ, ಅವರ ಸೊಂಟ ಅಷ್ಟಿಲ್ಲ.' 'ಕೆಳಗಿನ ಕೇರಿ ಮಾಸ್ತಮ್ಮನಿಗೆ ಎಂಬತ್ತು ದಾಟಿದೆ.' ಅಷ್ಟರಲ್ಲಿ ಮಕ್ಕಳು, ಸೊಸೆಯಂದಿರು ಒಬ್ಬೊಬ್ಬರೇ ಎದ್ದು ನಿಂತರು. 'ನಮ್ಮ ಅಮ್ಮ ಅಲ್ಲ.' 'ನಮ್ಮಜ್ಜಿ ಅಲ್ಲ, ಅವರಿಗೆ ಅಂಥ ತೊಂದರೆ ಎಂತದೂ ಇಲ್ಲ, ದಯವಿಟ್ಟು ಗಮನಿಸಿ.' ದುಬೈನಿಂದ ನರೇಶ ಎಂಬವನು ತನ್ನ ತಾಯಿ ಮಾಸ್ತಮ್ಮ ಗುಡ್ಡ ಹತ್ತುವ ವೀಡಿಯೋವನ್ನೇ ಹಾಕಿದ. ಹದಿಮೂರು ಮಾಸ್ತಮ್ಮಂದಿರ ಮಾನ ಹೀಗೆ ಸಾಲಾಗಿ ಉಳಿಯಿತು. ಹದಿನಾಲ್ಕನೆಯವಳ ಸೊಸೆ ಆ ಗುಂಪಿನಲ್ಲಿಲ್ಲ, ಮಗ ಗುರುದತ್ತ ತದಡಿ ಬಂದರಿನಿಂದ ಮೀನಿನ ಬೋಟಿನ ಮೇಲೆ ಹೋಗಿದ್ದ. ಸಮುದ್ರದಲ್ಲಿ ನೆಟ್‌ವರ್ಕ್ ಇಲ್ಲ. ಅಲ್ಲಗಳೆಯುವವರಿಲ್ಲದ ಮನೆ ಅದೊಂದೇ ಆದ್ದರಿಂದ, 'ಹಾಗಾದ್ರೆ ಅಂಗನವಾಡಿ ಮಾಸ್ತಮ್ಮನೇ' ಎಂದು ಯಾರೋ ಬರೆದರು, ಕೆಳಗೆ ಹದಿನೇಳು ಹೆಬ್ಬೆರಳು. ಬೀರನಿಗೆ ಮನೆ ಸಿಕ್ಕಿತು, ಪಾರ್ಸೆಲ್ ತಲುಪಿತು. ರೇಖಾ ಚಿತ್ರವನ್ನು ಅಳಿಸಿದಾಗ, ಅದು ಆಗಲೇ ಕುಮಟೆ ದಾಟಿತ್ತು. ಮರುದಿನ ಬಾಡದ ಪ್ರಿಯಾ ಎರಡೇ ಸಾಲು ಕಳಿಸಿದರು: 'ನನ್ನ ಹೆಸರು ನಿಮ್ಮ ಪಟ್ಟಿಯಿಂದ ತೆಗೆದುಬಿಡಿ. ನಾನು ನಿಮ್ಮಿಂದ ಏನೂ ತರಿಸಿಲ್ಲ.' ಅಂಥದ್ದೇ ಇನ್ನೂ ಎಂಟು ಬಂದವು. ವಿಭಾ ಫೋನಿನಲ್ಲಿ, ಕಾನೂನಿನ ಪ್ರಕಾರ ಗಿರಾಕಿಗೆ ನಾವೇ ತಿಳಿಸಬೇಕು ಎಂದಳು. ಹೇಗೆ ತಿಳಿಸಬೇಕು ಎಂದು ರೇಖಾ ಕೇಳಿದ್ದಕ್ಕೆ ಇಮೇಲ್ ಎಂದಳು. ಆ ಹುಡುಗಿಗೆ ಇನ್ನೂ ಮದುವೆಯಾಗಿಲ್ಲ, ಯಾರ ಮನೆಯ ಜಗಲಿಯಲ್ಲೂ ತಲೆ ತಗ್ಗಿಸಿ ನಿಂತಿಲ್ಲ ಎಂದುಕೊಂಡು ರೇಖಾ ಬಸ್ಸು ಹಿಡಿಯಲು ನಿರ್ಧರಿಸಿದ್ದಳು.

ಮಂಕಿಯಲ್ಲಿ ಇಳಿದು ಹೆದ್ದಾರಿ ದಾಟಿ ಒಳರಸ್ತೆಗೆ ಹೊರಳಿದ ಮೇಲೆ ಅವಳಿಗೆ ತನ್ನ ಬುದ್ಧಿವಂತಿಕೆಯ ಇನ್ನೊಂದು ಮುಖ ಕಂಡಿತು. ಮನೆ ಎಲ್ಲಿ ಎಂದು ಅವಳಿಗೇ ಗೊತ್ತಿಲ್ಲ. ಅವಳ ತವರಿರುವುದು ಊರಿನ ಆ ತುದಿಗೆ, ಇದು ಈ ತುದಿ. ಕೇಳಲೇಬೇಕು. ಮೊದಲು ಸಿಕ್ಕ ಅಂಗಡಿಯನ್ನು ಕೇಳದೆ ದಾಟಿದಳು. ಎರಡನೆಯದರಲ್ಲಿ ಬೇಡದಿದ್ದರೂ ಒಂದು ಸೋಪು ಕೊಂಡು, ಚಿಲ್ಲರೆ ತೆಗೆದುಕೊಳ್ಳುವಾಗ ಏನೋ ಆಗಷ್ಟೇ ನೆನಪಾದಂತೆ, "ಅಂಗನವಾಡಿ ಅಕ್ಕೋರ ಮನೆ ಎಲ್ಲಿ ಬಂತು?" ಎಂದಳು. ಅಂಗಡಿಯವನು ಪಾಪ ಒಳ್ಳೆಯ ಮನುಷ್ಯ, ದಾರಿ ತಪ್ಪಬಾರದೆಂದು ಹೊರಗೇ ಬಂದ. "ಯಾರು, ಪಾರ್ಸೆಲ್ ಮಾಸ್ತಮ್ಮನಾ? ಸೀದಾ ಹೋಗಿ, ಬಾವಿಕಟ್ಟೆ ಹತ್ರ ಎಡಕ್ಕೆ." ಅವನ ಮುಖದಲ್ಲಿ ಕುಹಕ ಇರಲಿಲ್ಲ. ನಾಲ್ಕೇ ದಿನದಲ್ಲಿ ಆ ಹೆಸರು ಊರಿಗೆ ವಿಳಾಸವಾಗಿಬಿಟ್ಟಿತ್ತು. ಮೂವತ್ತು ವರ್ಷ ಮಕ್ಕಳಿಗೆ ಉಣ್ಣಿಸಿ, ಕುಣಿಸಿ, ತೂಕ ಮಾಡಿ ಸಂಪಾದಿಸಿದ ಹೆಸರನ್ನು ತಾನು ಒಂದು ಬಂಗಡೆ ಸಾರು ಕುದಿಯುವಷ್ಟರಲ್ಲಿ ಅಳಿಸಿಬಿಟ್ಟೆ ಎಂದು ರೇಖಾಳಿಗೆ ರಸ್ತೆಯ ಮಧ್ಯದಲ್ಲೇ ಅಳು ಬಂತು. ಅತ್ತರೆ ಅದನ್ನೂ ಯಾರಾದರೂ ನೋಡಿ ಯಾರ ಮನೆಯವಳು ಎಂದು ಕೇಳುತ್ತಾರೆಂಬ ಭಯದಿಂದ ತಡೆದುಕೊಂಡಳು.

ಮಾಸ್ತಮ್ಮ ಜಗಲಿಯಲ್ಲಿ ಕುಳಿತು ಒಣಮೆಣಸಿನ ತೊಟ್ಟು ಮುರಿಯುತ್ತಿದ್ದರು. ದಪ್ಪ ಕನ್ನಡಕ, ಬಿಗಿಯಾದ ತುರುಬು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸೊಸೆ ಶಾಲೆಯ ಬಿಸಿಯೂಟದ ಅಡುಗೆಗೆ ಹೋಗಿದ್ದಳು. ರೇಖಾ ಹೆಸರು ಹೇಳಿ, ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಶುರುಮಾಡಿದಳು. 'ನನ್ನಿಂದ ದೊಡ್ಡ ಪ್ರಮಾದ' ಎಂಬಲ್ಲಿಯವರೆಗೆ ಸರಿಯಾಗಿ ಬಂತು, ಮುಂದಿನದು ಮರೆತುಹೋಯಿತು. ಮಾಸ್ತಮ್ಮ ಮೆಣಸಿನಿಂದ ತಲೆ ಎತ್ತದೆ, "ಕೂತ್ಕೊ. ನಿಂತ್ಕಂಡು ಮಾತಾಡಿದ್ರೆ ರಸ್ತೆಗೆ ಕೇಳ್ತದೆ" ಎಂದರು. ರೇಖಾ ಕುಳಿತಳು. ಮಾಸ್ತಮ್ಮ ಇನ್ನೆರಡು ತೊಟ್ಟು ಮುರಿದು ಕೇಳಿದರು.

"ನಂಬರ್ ಕೊಟ್ಟಿದ್ನಲ್ಲ, ನೀನೇ ಒಂದು ಫೋನ್ ಮಾಡೂಕೆ ಎಂತ ಆಗಿತ್ತು?"

"ಬೀರ ಮಾಡಿದ್ನಂತೆ ಅಕ್ಕೋರೆ. ನೀವು ಎತ್ಲಿಲ್ಲ ಅಂದ."

"ಗೊತ್ತಿಲ್ದೆ ಇದ್ದ ನಂಬರ್ ಎತ್ತಬಾರ್ದು ಅಂತ ಬ್ಯಾಂಕಿನವರು ಬಂದು ಭಾಷಣ ಮಾಡಿ ಹೋಗಿದ್ರು. ನಾನು ಹೇಳಿದ್ದು ಕೇಳುವವಳು." ಅವರು ಒಂದು ಮೆಣಸನ್ನು ಬೆಳಕಿಗೆ ಹಿಡಿದು ನೋಡಿ ಬದಿಗಿಟ್ಟರು. "ಕೆಲ್ಸದ ಕೊನೇ ವರ್ಷ ಎಲ್ಲ ಮೊಬೈಲಲ್ಲೇ ತುಂಬ್ಸಿ ಅಂದ್ರು, ಕಲ್ತೆ. ಇದನ್ನೂ ನಾನೇ ತುಂಬ್ಸಿದ್ದು. ಮಗನಿಗೆ ಗೊತ್ತಿಲ್ಲ, ಸೊಸೆಗೆ ಗೊತ್ತಿಲ್ಲ. ಸೊಂಟ ಅಳತೆ ಮಾಡೂಕೆ ಟೇಪು ಇರ್ಲಿಲ್ಲ, ಹಗ್ಗ ಸುತ್ತಿ, ಹಗ್ಗ ಅಳತೆ ಮಾಡ್ದೆ. ಅದನ್ನ ನೀನು ದುಬೈಗೆ ಕಳ್ಸಿದೆ."

ರೇಖಾ ನೆಲ ನೋಡಿದಳು.

"ಹಾಂ, ಹೀಗೇ. ಎಲ್ಲರೂ ಹೀಗೇ ಮಾಡ್ತಾರೆ ಈಗ. ಶನಿವಾರ ಭಜನೆಗೆ ಹೋದೆ. ಪದ ಮುಗ್ದು ಎದ್ರೆ, ಅಕ್ಕಪಕ್ಕದವ್ರು ನಾನು ಕೂತಿದ್ದ ಜಾಗ ನೋಡಿದ್ರು. ಬೇಕಂತ ಅಲ್ಲ, ಕಣ್ಣು ತನ್ನಷ್ಟಕ್ಕೇ ಹೋಗ್ತದೆ. ಮನೆಗೆ ಬಂದವಳು ಮತ್ತೆ ಹೊರಗೆ ಹೋಗ್ಲಿಲ್ಲ." ಇದನ್ನು ಹೇಳುವಾಗಲೂ ಅವರ ದನಿ ಏರಲಿಲ್ಲ. ಬೈದಿದ್ದರೆ ರೇಖಾ ಬದುಕಿಕೊಳ್ಳುತ್ತಿದ್ದಳು. ಬೈಗುಳಕ್ಕೆ ಅವಳು ಮನೆಯಿಂದಲೇ ತಯಾರಾಗಿ ಬಂದಿದ್ದಳು.

"ನನ್ನ ಹತ್ರ ಮೂವತ್ತು ವರ್ಷದ ಪುಸ್ತಕ ಇತ್ತು," ಎಂದರು ಮಾಸ್ತಮ್ಮ. "ಯಾವ ಹುಡುಗಿ ಮದುವೆಗೆ ಮೊದ್ಲೇ ಬಸುರಿ, ಯಾವ ಮನೇಲಿ ಮಗು ಉಪವಾಸ, ಯಾರ ಗಂಡ ಹೊಡೀತಾನೆ. ಇದೇ ಕೇರಿಯವ್ರದ್ದು. ನಿನ್ನ ಗುಂಪಿನಲ್ಲಿ 'ನಮ್ಮ ಅಮ್ಮ ಅಲ್ಲ, ನಮ್ಮ ಅಮ್ಮ ಅಲ್ಲ' ಅಂದ್ರಲ್ಲ, ಅವ್ರೆಲ್ಲರದ್ದೂ ನನ್ನ ಹೊಟ್ಟೆಲಿ ಅದೆ. ಒಂದಾದ್ರೂ ಹೊರಗೆ ಬಿತ್ತಾ?" ಆಮೇಲೆ ಮೊದಲ ಸಲ ತಲೆ ಎತ್ತಿ ರೇಖಾಳನ್ನು ನೇರವಾಗಿ ನೋಡಿದರು. "ನಿನ್ನ ಅತ್ತೆ ಫೋಟೋ ನೋಡಿ ತರ್ಸಿದ್ದು ನಾನು. ಅಷ್ಟು ಲಕ್ಷಣದ ಹೆಂಗಸು, ನಗ್ತಾ ಕೂತದೆ. ಅದಕ್ಕೂ ನನ್ನ ಹಾಗೇ ಆಗ್ತಿತ್ತಲ್ಲ, ಅದೂ ನಾಚಿಕೆ ಬಿಟ್ಟು ಫೋಟೋ ಹಾಕೂಕೆ ಒಪ್ಪಿದೆ ಅಲ್ದಾ ಅಂತ ನಂಗೆ ಧೈರ್ಯ ಬಂತು."

ರೇಖಾಳ ಕಿವಿ ಬಿಸಿಯಾಯಿತು. ವೆಬ್‌ಸೈಟಿನ ಮೊದಲ ಪುಟದಲ್ಲೇ ಆ ಫೋಟೋ ಇದೆ, ಕೆಳಗೆ ಬರೆದದ್ದೂ ಅವಳೇ: 'ನಮ್ಮ ಅತ್ತೆ ಮಹಾಲಕ್ಷ್ಮಿಯವರ ಕಷ್ಟ ನೋಡಲಾರದೆ ಹೊಲಿಯಲು ಶುರುಮಾಡಿದೆ.' ಅತ್ತೆ ತೀರಿಕೊಂಡ ಮರುವರ್ಷ ಹಾಕಿದ್ದು. ಪಾಪ, ಎಪ್ಪತ್ತೆರಡರಲ್ಲೂ ಮೀನು ಪೇಟೆಯವರೆಗೆ ನಡೆದು, ಚೌಕಾಸಿ ಮಾಡಿ, ಬುಟ್ಟಿ ಹೊತ್ತು ಬರುತ್ತಿದ್ದ ಗಟ್ಟಿ ಜೀವ. ಒಂದು ಹನಿಯ ತೊಂದರೆ ಇರಲಿಲ್ಲ. ಸತ್ತವರು ಎದ್ದು ಬಂದು 'ನಾನಲ್ಲ' ಎಂದು ಗುಂಪಿಗೆ ಬರೆಯುವುದಿಲ್ಲವಲ್ಲ ಎಂಬ ಧೈರ್ಯ ಅವಳದು. ಎರಡನೆಯ ಹೆರಿಗೆಯಲ್ಲಿ ಶುರುವಾಗಿ, ಒಂಬತ್ತು ವರ್ಷದಿಂದ ಅನುಭವಿಸುತ್ತಿರುವವಳು ರೇಖಾಳೇ. ಭಟ್ಕಳದಿಂದ ಕುಮಟೆಯವರೆಗೆ ಯಾವ ಬಸ್ ನಿಲ್ದಾಣದ ಶೌಚಾಲಯಕ್ಕೆ ಚಿಲಕವಿದೆ, ಯಾವುದಕ್ಕೆ ಇಲ್ಲ ಎಂದು ಅವಳಿಗೆ ಗೊತ್ತು. ಹಗ್ಗದ ಮೇಲೆ ಒಣಗುವ ತನ್ನ ಚಡ್ಡಿಗಳನ್ನೆಲ್ಲ ಅವಳು ಗಂಡನಿಗೆ 'ಸ್ಯಾಂಪಲ್' ಎಂದು ಹೇಳುತ್ತಾಳೆ, ಅವನು ಎಷ್ಟು ಸ್ಯಾಂಪಲ್ ಮಾಡ್ತೀಯೆ ಮಾರಾಯ್ತಿ ಎನ್ನುತ್ತಾನೆ. ಬಟ್ಟೆ ಹೊಲಿದುಕೊಂಡ ಮೇಲೂ ಜೋರಾಗಿ ನಗಲು ಅವಳಿಗೆ ಭಯ ಹೋಗಿಲ್ಲ. ಭಾಸ್ಕರ ಒಂಬತ್ತು ವರ್ಷದಿಂದ ತನ್ನ ಜೋಕುಗಳೇ ಸಪ್ಪೆ ಎಂದುಕೊಂಡಿದ್ದಾನೆ.

ಇದನ್ನು ಹೇಳದೆ ಎದ್ದು ಹೋಗಬಹುದಿತ್ತು. ಬೀರನ ಮೇಲೆ, ಗುಂಪಿನ ಮೇಲೆ, ಗ್ರಹಚಾರದ ಮೇಲೆ ಹಾಕಿ, ಇನ್ನೊಂದು ಕಟ್ಟು ಪುಕ್ಕಟೆ ಕಳಿಸುತ್ತೇನೆ ಎಂದು ಕೈಮುಗಿಯಬಹುದಿತ್ತು. ಆದರೆ ಎದುರಿಗಿದ್ದ ಹೆಂಗಸು ನಂಬಿದ್ದೇ ಆ ಫೋಟೋವನ್ನು. ಗುಂಪಿಗೆ ಹಾಕಿ ಮಾಡಿದ ಮೋಸ ಕೈತಪ್ಪಿ ಆದದ್ದು, ಇದು ಕೂತು ಯೋಚಿಸಿ ಮಾಡಿದ್ದು.

"ಅತ್ತೆಗೆ ಎಂತದೂ ಇರ್ಲಿಲ್ಲ ಅಕ್ಕೋರೆ," ಎಂದಳು ರೇಖಾ. ತನ್ನ ದನಿಯೇ ಯಾರದ್ದೋ ಅನ್ನಿಸಿತು. "ನಂಗೇ. ಒಂಬತ್ತು ವರ್ಷ ಆತು. ಯಾರಿಗೂ ಹೇಳ್ಲಿಲ್ಲ, ಗಂಡನಿಗೂ."

ಮಾಸ್ತಮ್ಮನ ಕೈ ಮೊದಲ ಬಾರಿ ನಿಂತಿತು. ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಂಗಳದಲ್ಲಿ ಚಪ್ಪಲಿಯ ಸದ್ದಾಗಿ, ಪಕ್ಕದ ಮನೆಯ ಸಂತೋಷನ ಹೆಂಡತಿ ಒಂದು ಖಾಲಿ ಲೋಟ ಹಿಡಿದು ಬಂದಳು, ಹೆಪ್ಪಿಗೆ ಮಜ್ಜಿಗೆ ಬೇಕಂತೆ. ಕಣ್ಣು ಮಾತ್ರ ಲೋಟಕ್ಕಿಂತ ಮೊದಲೇ ಜಗಲಿ ಹತ್ತಿ ರೇಖಾಳನ್ನು ತಲೆಯಿಂದ ಕಾಲಿನವರೆಗೆ ನೋಡಿ ಮುಗಿಸಿತ್ತು.

"ಯಾರು ಇವ್ರು? ಅಂಗಡಿಲಿ ಹೇಳ್ದ, ಯಾರೋ ನಿಮ್ಮನೆ ಕೇಳ್ಕಂಡು ಬಂದ್ರು ಅಂತ. ಆ ಪಾರ್ಸೆಲ್ಲಿನವ್ರಾ?"

"ಹೌದು, ಅವಳೇ," ಎಂದರು ಮಾಸ್ತಮ್ಮ.

"ಅಯ್ಯೋ, ನೀವೇ ಹೊಲ್ಯೂದಾ?" ಸಂತೋಷನ ಹೆಂಡತಿ ಕಂಬಕ್ಕೆ ಒರಗಿದಳು, ಮಜ್ಜಿಗೆ ಮರೆತೇಹೋಯಿತು. "ಇಂಥದ್ದೆಲ್ಲ ಹೊಲೀಬೇಕು ಅಂತ ತಲೇಲಿ ಹ್ಯಾಗೆ ಬಂತು ನಿಮ್ಗೆ?"

ಕೇಳಿದ್ದು ರೇಖಾಳನ್ನು, ಆದರೆ ರೇಖಾ ನೋಡಿದ್ದು ಮಾಸ್ತಮ್ಮನ ತುಟಿಯನ್ನು. ತನ್ನ ಒಂಬತ್ತು ವರ್ಷ ಈಗ ಆ ತುಟಿಯ ಹಿಂದೆ ಇತ್ತು. ಇನ್ನೊಬ್ಬರ ಬಾಯಿ ತೆರೆಯುವುದಕ್ಕೂ ಮಾತು ಹೊರಬೀಳುವುದಕ್ಕೂ ನಡುವೆ ಇಷ್ಟು ದೊಡ್ಡ ಹೊತ್ತು ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಈ ಹೆಂಗಸಿಗೆ ಹೇಳುವ ಹಕ್ಕಿದೆ. ಹೇಳಿದರೆ ಲೆಕ್ಕ ಸರಿಹೋಗುತ್ತದೆ, ಯಾರೂ ತಪ್ಪೆನ್ನುವುದಿಲ್ಲ. ಸಂಜೆಯೊಳಗೆ ಕುಮಟೆ, ಆಮೇಲೆ ಭಾಸ್ಕರನ ಫೋನು. ಮುನ್ನೂರ ಹನ್ನೆರಡು ಹೆಂಗಸರು ಪ್ರತಿ ಸಲ ಆರ್ಡರ್ ಮಾಡಿ ಹೀಗೆ ಕೂತಿದ್ದರೋ ಏನೋ. ಹೊಸಿಲು ದಾಟುವುದಿಲ್ಲ ಎಂಬ ಸಾಲನ್ನು ಎಷ್ಟು ಸಲೀಸಾಗಿ ಬರೆದಿದ್ದೆ ಎಂದು ಅವಳಿಗೆ ಈಗ ಹೊಳೆಯಿತು.

"ಅತ್ತೆಗೆ ಇತ್ತಂತೆ, ಪಾಪ," ಎಂದರು ಮಾಸ್ತಮ್ಮ, ಮೆಣಸಿನ ತೊಟ್ಟು ಮುರಿಯುತ್ತ, ಕಣ್ಣೂ ಮಿಟುಕಿಸದೆ. "ನನ್ನಂಥದ್ದೇ. ಅವ್ರ ಕಷ್ಟ ನೋಡೂಕಾಗ್ದೆ ಕಲ್ತದ್ದಂತೆ. ಒಳ್ಳೇ ಸೊಸೆ. ನಾನು ಹಾಕ್ಕಂಡು ನೋಡ್ದೆ, ಚಲೋ ಅದೆ. ನಿಂಗೂ ಒಂದು ಬೇಕಾ?"

"ನಂಗೆಂತಕ್ಕೆ!" ಸಂತೋಷನ ಹೆಂಡತಿ ಕಂಬ ಬಿಟ್ಟು ನೆಟ್ಟಗಾದಳು. ಒಂದು ಗಳಿಗೆ ಅಲ್ಲೇ ನಿಂತು, ಆಮೇಲೆ ಖಾಲಿ ಲೋಟವನ್ನೇ ಹಿಡಿದುಕೊಂಡು ಬಂದಷ್ಟೇ ಬೇಗ ಅಂಗಳ ದಾಟಿ ಹೋದಳು.

ರೇಖಾಳಿಗೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ಆಗಲಿಲ್ಲ. ಆರು ಚಡ್ಡಿಯ ಕಟ್ಟು ಒಳಗೆ ಕಪಾಟಿನ ಮೇಲೆ ಒಡೆಯದೆ ಹಾಗೇ ಇದ್ದದ್ದು ಬಾಗಿಲಿನಿಂದ ಅವಳಿಗೆ ಕಾಣುತ್ತಿತ್ತು. ಮಾಸ್ತಮ್ಮ ಸೊಸೆ ಬರುವ ಹೊತ್ತಾಯಿತೇನೋ ಎಂದು ರಸ್ತೆಯ ಕಡೆ ನೋಡಿ, ಮಡಿಲಿನ ತೊಟ್ಟುಗಳನ್ನು ಕೊಡವಿ, ದನಿ ತಗ್ಗಿಸಿದರು. ಮೂರು ವರ್ಷದ ಮಗುವಿಗೆ ಬಟ್ಟಲು ಹಿಡಿಯುವುದನ್ನು ತೋರಿಸಿಕೊಡುವ ದನಿ ಅದು.

"ಹೀಗೆ ಮಾಡೂದು. ಗೊತ್ತಾತಾ?"

"ಗೊತ್ತಾತು ಅಕ್ಕೋರೆ," ಎಂದಳು ರೇಖಾ.